ನಾಳೆಗೆ ತಳ್ಳಿದ ಓದು, ನಾಗಾವಿಯ ಭಂಡಾರಿಗರು

ಸೇಡಂನಿಂದ ಕಲಬುರಗಿಗೆ ಹೊರಟ ರೈಲು ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ ಬಂದು, ಅಲ್ಲಿ ಮುಂಬೈ–ಚೆನ್ನೈ ಮಾರ್ಗ ಹಿಡಿದು, ಶಹಾಬಾದ್ ಮೇಲೆ ಹಾಯ್ದು ಹೋಗಬೇಕು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಈ ಹಾದಿ ಇವತ್ತು ಸಿಮೆಂಟಿನ ಜೊತೆಗೆ ಕಾಲೇಜು ಹುಡುಗ ಹುಡುಗಿಯರನ್ನೂ ಹೊರುತ್ತಿದೆ. ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ, ಅಲ್ಲಿನವರಿಗೆ ಬಸ್ಸೇ ಗತಿ. ಪದವಿಯನ್ನು ಹೇಗೋ ತಾಲೂಕು ಕೇಂದ್ರದಲ್ಲೇ ಮುಗಿಸಿದವರೂ ಎಂ.ಎ., ಎಂ.ಎಸ್ಸಿ. ಎಂದರೆ 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೋ, 2009ರಲ್ಲಿ ಬಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋಗಬೇಕು. ಹಾಸ್ಟೆಲ್ ಸಿಗದವರು ದಿನಾಲೂ ಓಡಾಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು. ಬಸ್ಸಿನಲ್ಲಿ ಕಳೆಯುವ ಹೊತ್ತು ತಪ್ಪಲಿಲ್ಲ, ಮನೆಗೆ ಬಂದ ಮೇಲೆ ರೊಟ್ಟಿ ಬಡಿಯುವ ಕೆಲಸವೂ ತಪ್ಪಲಿಲ್ಲ. ಏಕಾಗ್ರತೆಯ ಬಗ್ಗೆ ನಮ್ಮಲ್ಲಿ ಸಿಗುವ ಉಪದೇಶವೆಲ್ಲ ಕೋಣೆ, ಮೇಜು, ಹಾಕಿಕೊಳ್ಳಲು ಒಂದು ಬಾಗಿಲು ಇದ್ದವರನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ದಿನವೇ ಚೂರು ಚೂರಾದವರ ಓದು ಯಾಕೆ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಬೇರೆಯಾಗಿಯೇ ಕೇಳಬೇಕು.

ಸಿದ್ಧ ಉತ್ತರವಂತೂ ಇದೆ: ಸೋಮಾರಿತನ. ಇದು ಎಷ್ಟು ಸಲೀಸಾದ ಉತ್ತರವೋ ಅಷ್ಟೇ ಪೊಳ್ಳು. ಸೋಮಾರಿಗೆ ಕೆಲಸ ಬಿಟ್ಟರೆ ಸಂಕಟವಾಗುವುದಿಲ್ಲ. ಅಸೈನ್‌ಮೆಂಟನ್ನು ಮುಂದೂಡುವ ವಿದ್ಯಾರ್ಥಿ ಮಾತ್ರ ಅದನ್ನು ಇಡೀ ದಿನ ತಲೆಯಲ್ಲಿ ಹೊತ್ತು ತಿರುಗುತ್ತಾನೆ. ಆ ಹೊತ್ತಿನಲ್ಲಿ ಮನೆ ಗುಡಿಸುತ್ತಾನೆ, ನೋಟ್ಸಿಗೆ ರಟ್ಟು ಹಾಕುತ್ತಾನೆ, ಬೇಡದ ಫೈಲು ಜೋಡಿಸುತ್ತಾನೆ. ಈ ವಿಷಯವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಫುಶಿಯಾ ಸಿರೋಯಿಸ್ ಮತ್ತು ಟಿಮತಿ ಪಿಚಿಲ್ ಎಂಬ ಮನೋವಿಜ್ಞಾನಿಗಳು ಮುಂದೂಡುವುದು ಸಮಯದ ಲೆಕ್ಕ ತಪ್ಪಿದ್ದರಿಂದಲ್ಲ, ಮನಸ್ಸಿನ ಕಸಿವಿಸಿಯಿಂದ ಪಾರಾಗುವ ಉಪಾಯ ಎನ್ನುತ್ತಾರೆ. ಪುಸ್ತಕ ತೆರೆದರೆ ‘ಇದು ನನಗೆ ತಿಳಿಯುವುದಿಲ್ಲ’ ಎಂಬ ಭಯ ಏಳುತ್ತದೆ. ಮುಚ್ಚಿದರೆ ಅದು ತಟ್ಟನೆ ಇಳಿಯುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ಅರ್ಥಶಾಸ್ತ್ರವನ್ನೋ ಭೌತಶಾಸ್ತ್ರವನ್ನೋ ಎದುರಿಸುವ ಮಕ್ಕಳಿಗೆ ಈ ಭಯ ದೊಡ್ಡದು. ‘ನಾಳಿ ಓದ್ತೀನ್ ಬಿಡು’ ಎನ್ನುವಾಗ ಸಿಗುವ ನಿರಾಳ ಸುಳ್ಳಲ್ಲ. ಅದಕ್ಕೆಂದೇ ಆ ಮಾತು ಮತ್ತೆ ಮತ್ತೆ ಬಾಯಿಗೆ ಬರುತ್ತದೆ.

ಕಾರಣ ಇದಾದರೆ, ಮನಸ್ಸು ಗಟ್ಟಿ ಮಾಡಿಕೋ ಎಂಬ ಬುದ್ಧಿಮಾತಿನಿಂದ ಹೆಚ್ಚು ಉಪಯೋಗವಿಲ್ಲ. ಓದಬೇಕೋ ಬೇಡವೋ ಎಂಬ ತೀರ್ಮಾನವನ್ನು ಓದುವ ಗಳಿಗೆಗೆ ಬಿಟ್ಟರೆ ಭಯವೇ ಗೆಲ್ಲುತ್ತದೆ. ಎಲ್ಲಿ, ಯಾವಾಗ, ಎಷ್ಟು ಎಂಬುದು ಆ ಗಳಿಗೆಗೆ ಮುಂಚೆಯೇ ನಿಶ್ಚಯವಾಗಿರಬೇಕು, ಸಾಧ್ಯವಾದರೆ ಬೇರೆಯವರಿಂದಲೂ ಒಂದಿಷ್ಟು ನಿಶ್ಚಯವಾಗಿರಬೇಕು ಎಂಬುದು ನನ್ನ ವಾದ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಯಾವ ಹೊತ್ತಿಗೆ, ಎಲ್ಲಿ ಕೂತು ಬರೆಯುತ್ತೇನೆಂದು ಮೊದಲೇ ಬರೆದುಕೊಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೇಳಿದ ಗಡುವಿನೊಳಗೆ ಬರೆದರು. ಹಾಗೆ ಬರೆದುಕೊಡದವರಲ್ಲಿ ಮೂರರಲ್ಲೊಬ್ಬರಷ್ಟೇ. ಬರೆಯಬೇಕೆಂಬ ಆಸೆ ಎರಡೂ ಗುಂಪಿಗಿತ್ತು. ಇನ್ನೊಂದು ಪ್ರಯೋಗ ಅಮೆರಿಕದ ಎಂಐಟಿಯದು. ಡಾನ್ ಏರಿಯಲಿ ಮತ್ತು ಕ್ಲಾಸ್ ವರ್ಟನ್‌ಬ್ರಾಕ್ 2002ರಲ್ಲಿ ವರದಿ ಮಾಡಿದಂತೆ, ಮೂರು ಪ್ರಬಂಧಗಳಿಗೆ ಒಂದು ತರಗತಿಯವರು ತಮ್ಮ ಗಡುವನ್ನು ತಾವೇ ಇಟ್ಟುಕೊಂಡರು, ಇನ್ನೊಂದಕ್ಕೆ ಮೇಷ್ಟ್ರೇ ಸಮ ಅಂತರದ ಗಡುವು ಕೊಟ್ಟರು. ಹೆಚ್ಚು ಅಂಕ ಬಂದದ್ದು ಎರಡನೆಯವರಿಗೆ. ಇಲ್ಲೊಂದು ಸ್ವಾರಸ್ಯವಿದೆ: ಸ್ವಾತಂತ್ರ್ಯ ಸಿಕ್ಕವರಲ್ಲೂ ಬಹುಪಾಲು ಜನ ಎಲ್ಲವನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಲಿಲ್ಲ. ತಮ್ಮ ದೌರ್ಬಲ್ಯ ಅವರಿಗೆ ಗೊತ್ತಿತ್ತು, ಅದಕ್ಕೆ ಎಷ್ಟು ಬಿಗಿ ಬೇಕೆಂಬ ಅಂದಾಜು ಮಾತ್ರ ತಪ್ಪಿತ್ತು.

ಓದಿನ ಏರ್ಪಾಡು ಮೊದಲೇ ಆಗಿರಬೇಕೆಂಬ ಮಾತಿಗೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಎಲ್ಲಮ್ಮನ ಜಾತ್ರೆಗೆ ಹೋದವರು ಅರವತ್ತು ಕಂಬದ ಗುಡಿಯನ್ನು ನೋಡಿರುತ್ತಾರೆ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ ಇದು ಹೆಸರಾಂತ ಘಟಿಕಾಸ್ಥಾನ, ಈಗಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನ ಅದರ ವ್ಯವಸ್ಥೆಯನ್ನು ಲೆಕ್ಕ ಸಮೇತ ಹೇಳುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು ಐವತ್ತರಷ್ಟು. ಅವರಿಗೆ ವೇದಕ್ಕೆ 3, ಶಾಸ್ತ್ರಕ್ಕೆ 3 ಉಪಾಧ್ಯಾಯರು. ಇವರಲ್ಲದೆ ಗ್ರಂಥಗಳನ್ನು ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು. ಪಾಠ ಹೇಳುವವರು ಎಷ್ಟೋ, ಪುಸ್ತಕ ಕಾಯುವವರೂ ಅಷ್ಟೇ! ಇಂದಿನ ಯಾವ ಕಾಲೇಜಿನ ಪ್ರಾಂಶುಪಾಲರಿಗಾದರೂ ಈ ಅನುಪಾತ ಹೇಳಿ ನೋಡಿ. ಇದನ್ನೆಲ್ಲ ನಡೆಸಿಕೊಂಡು ಹೋಗಲು ದತ್ತಿ ಇತ್ತು. ಅಲ್ಲಿನ ಶಿಷ್ಯರು ನಮ್ಮ ಮಕ್ಕಳಿಗಿಂತ ಏಕಾಗ್ರಚಿತ್ತರಾಗಿದ್ದರೆಂದು ಶಾಸನ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ದಾನಿಗಳಿಗೆ ಒಂದು ವಿಷಯ ಗೊತ್ತಿತ್ತು: ಓದು ನಡೆಯಬೇಕಾದರೆ ಜಾಗ, ಪುಸ್ತಕ, ಕಾವಲು, ಖರ್ಚು ಎಲ್ಲವೂ ಮೊದಲೇ ಕಲ್ಲಿನಲ್ಲಿ ಬರೆದಂತೆ ಇರಬೇಕು, ವಿದ್ಯಾರ್ಥಿಯ ದಿನದಿನದ ಉತ್ಸಾಹಕ್ಕೆ ಬಿಡಬಾರದು. ಆ ಬಾಗಿಲು ಸಮಾಜದ ಒಂದು ಸಣ್ಣ ಪಾಲಿಗಷ್ಟೇ ತೆರೆದಿತ್ತು ಎಂಬುದನ್ನು ಮರೆಯುವಂತಿಲ್ಲ. ಈಗ ತಾಂಡಾದ ಹುಡುಗಿಯೂ ಗಣಿ ಕಾರ್ಮಿಕನ ಮಗನೂ ಬಾಗಿಲೊಳಗೆ ಬಂದಿದ್ದಾರೆ. ಒಳಗಿನ ಭಂಡಾರಿಗರು ಕಾಣೆಯಾಗಿದ್ದಾರೆ.

‘ನಮ್ಮ ಕಾಲದಲ್ಲಿ ಕಂದೀಲಿನ ಬೆಳಕಿನಲ್ಲಿ ಓದಿ ಮುಂದೆ ಬರಲಿಲ್ಲವೇ?’ ಎಂದು ಹಿರಿಯರು ಕೇಳಬಹುದು. ಬಂದವರನ್ನು ನಾವು ಕಾಣುತ್ತೇವೆ, ಅವರೇ ಭಾಷಣ ಮಾಡುತ್ತಾರೆ. ಅದೇ ಕಂದೀಲಿನಡಿ ಕೂತು ಅರ್ಧಕ್ಕೆ ಶಾಲೆ ಬಿಟ್ಟವರ ಭಾಷಣ ಯಾರೂ ಇಡಿಸುವುದಿಲ್ಲ. ಬಡತನ ಮನಸ್ಸನ್ನು ಹರಿತ ಮಾಡುತ್ತದೆ ಎಂಬ ನಂಬಿಕೆಗೂ ಪುರಾವೆ ಸಾಲದು. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ರೈತ ಕೊಯ್ಲಿಗೆ ಮೊದಲು ಕೈ ಬರಿದಿದ್ದಾಗ ಬುದ್ಧಿಪರೀಕ್ಷೆಗಳಲ್ಲಿ ಹಿಂದೆ ಬಿದ್ದ, ಕೊಯ್ಲಾಗಿ ಹಣ ಬಂದ ಮೇಲೆ ಚೇತರಿಸಿಕೊಂಡ. ತೊಗರಿ ರಾಶಿಯಾಗುವವರೆಗೆ ಫೀಸಿನ ಚಿಂತೆ ಬಿಡದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳ ಕಡೆಯಿಂದಲೂ ಒಂದು ವಾದವಿದೆ: ಒತ್ತಡ ಬಿದ್ದಾಗಲೇ ನನಗೆ ಓದು ಹತ್ತುವುದು. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಇದನ್ನೇ ಪರೀಕ್ಷಿಸಿದರು. ಸೆಮಿಸ್ಟರಿನ ಆರಂಭದಲ್ಲಿ ಮುಂದೂಡುವವರು ನಿಜಕ್ಕೂ ಹೆಚ್ಚು ಹಾಯಾಗಿದ್ದರು. ಕೊನೆಗೆ ಬಂದಾಗ ಆಯಾಸ, ಅನಾರೋಗ್ಯ ಉಳಿದವರಿಗಿಂತ ಹೆಚ್ಚು, ಅಂಕ ಕಡಿಮೆ. ಒತ್ತಡದಲ್ಲಿ ಓದು ಹತ್ತುತ್ತದೆ ಎಂಬುದು ಸುಳ್ಳಲ್ಲ, ಆಗ ಓದು ಬಿಟ್ಟು ಬೇರೆ ದಾರಿ ಇರುವುದಿಲ್ಲ ಅಷ್ಟೇ. ಮೊಬೈಲನ್ನು ದೂರುವವರದೂ ಅರ್ಧ ನಿಜ. ಭಯದಿಂದ ತಪ್ಪಿಸಿಕೊಳ್ಳಲು ಹಿಂದೆ ಕಟ್ಟೆಯವರೆಗಾದರೂ ನಡೆಯಬೇಕಿತ್ತು, ಈಗ ಹೆಬ್ಬೆರಳು ಸರಿಸಿದರೆ ಸಾಕು. ಆದರೆ ಪಾಠದ ಪಿಡಿಎಫ್ ಬರುವುದೂ ಅದೇ ವಾಟ್ಸ್‌ಆ್ಯಪಿಗೆ. ಫೋನು ಬಿಡು ಎನ್ನುವುದಕ್ಕಿಂತ ಪಿಡಿಎಫ್ ಇಳಿಸಿಕೊಂಡು ಡೇಟಾ ಬಂದ್ ಮಾಡು ಎನ್ನುವುದು ನಡೆಯುವ ಮಾತು.

ಹಾಗಾದರೆ ವಿದ್ಯಾರ್ಥಿಯ ಹೊಣೆ ಏನೂ ಇಲ್ಲವೇ ಎಂದರೆ, ಇದೆ. ಆದರೆ ಅದು ಸಂಕಲ್ಪದ ಹೊಣೆಗಿಂತ ವ್ಯವಸ್ಥೆಯ ಹೊಣೆ. ದಿನಾಲೂ ಓಡಾಡುವವರಿಗೆ ಒಂದು ಅನುಕೂಲವೂ ಇದೆ, ಅವರ ದಿನಕ್ಕೆ ಗುರುತಿನ ಕಲ್ಲುಗಳಿವೆ. ‘ಚಿತ್ತಾಪುರ ದಾಟಿದ ಕೂಡಲೇ ನಿನ್ನೆಯ ಪಾಠವನ್ನು ಪುಸ್ತಕ ತೆರೆಯದೆ ನೆನಪು ಮಾಡಿಕೊಳ್ಳುತ್ತೇನೆ, ವಾಡಿ ಬರುವವರೆಗೆ’ ಎಂಬ ನಿಶ್ಚಯ ‘ನಾಳೆಯಿಂದ ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ಎಷ್ಟೋ ಬಲವುಳ್ಳದ್ದು. ನಿಂತುಕೊಂಡು ಹೋಗುವ ಪ್ಯಾಸೆಂಜರಿನಲ್ಲೂ ಇದು ಸಾಧ್ಯ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ವಾರ ಕಳೆದ ಮೇಲೆ ಹೆಚ್ಚು ನೆನಪಿರುವುದು ಮತ್ತೆ ಮತ್ತೆ ಓದಿದ್ದಕ್ಕಿಂತ ನೋಡದೆ ನೆನೆಸಿಕೊಂಡದ್ದು. ಇಡೀ ಘಟಕ ಓದುತ್ತೇನೆ ಎಂದುಕೊಳ್ಳಬಾರದು, ಹೆದರಿಸುವಷ್ಟು ದೊಡ್ಡ ಕೆಲಸ ಮತ್ತೆ ನಾಳೆಗೇ ಹೋಗುತ್ತದೆ. ಒಂದು ಪುಟ, ಒಂದು ಲೆಕ್ಕ. ತಪ್ಪಿದರೆ ತನ್ನನ್ನು ತಾನು ಬೈದುಕೊಳ್ಳುತ್ತ ಕೂರುವುದೂ ವ್ಯರ್ಥ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಮುಂದೂಡಿದ್ದನ್ನು ತಮಗೆ ತಾವೇ ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಬೈಗುಳ ಭಯವನ್ನೇ ಹೆಚ್ಚಿಸುತ್ತದೆ, ಭಯವೇ ಮೂಲ ರೋಗ.

ಉಳಿದದ್ದು ಕಾಲೇಜು ಮತ್ತು ಸರ್ಕಾರದ ಪಾಲು. ಸೆಮಿಸ್ಟರಿನ ಕೊನೆಯ ವಾರ ಎಲ್ಲ ಅಸೈನ್‌ಮೆಂಟನ್ನೂ ಒಟ್ಟಿಗೆ ಕೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಮುಂದೂಡುವವರೆಂದು ದೂರುವಂತಿಲ್ಲ. ಗಡುವುಗಳನ್ನು ತಿಂಗಳಿಗೊಂದರಂತೆ ಹಂಚಿದರೆ ನಯಾಪೈಸೆ ಖರ್ಚಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳ ಹೊಣೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ಆ ಖಾತೆ 2023ರಲ್ಲಿ ಚಿತ್ತಾಪುರದ ಶಾಸಕರ ಕೈಗೇ ಬಂತು. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಅರಿವು ಕೇಂದ್ರಗಳು ಸಂಜೆಯ ಕೊನೆಯ ಬಸ್ಸು ಊರು ಮುಟ್ಟಿದ ಮೇಲೂ ಎರಡು ತಾಸು ತೆರೆದಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ. ಮೇಲ್ವಿಚಾರಕರಿಗೆ ಆ ಎರಡು ತಾಸಿನ ಸಂಬಳ ಕೊಟ್ಟರೆ ಸಾಕು.