ಹಪ್ಪಳದ ಬಾಟಲಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನಗೆ ಉಡುಪಿಗೆ ವರ್ಗವಾಗಿತ್ತು. ಭಾನುವಾರ ಬಂತೆಂದರೆ ನಾನೂ ನನ್ನಾಕೆಯೂ ಬಸ್ಸು ಹಿಡಿದು ಮಲ್ಪೆಗೆ ಹೋಗಿ ಚಿಪ್ಪು ಹೆಕ್ಕುತ್ತಿದ್ದೆವು. ಮನೆಗೆ ತಂದು ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿ ಚೀಟಿ ಅಂಟಿಸುವುದು ನನ್ನ ಕೆಲಸ. ದೊಡ್ಡ ಬಾಟಲಿಯ ಮೇಲೆ ‘ಸ್ಕ್ಯಾಲಪ್, ಮಲ್ಪೆ, 1984’ ಎಂದು ದುಂಡಗೆ ಬರೆದಿದ್ದೆ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದೆ.

ಕಳೆದ ದಸರಾ ರಜೆಯಲ್ಲಿ ಐದನೇ ಕ್ಲಾಸಿನ ಮೊಮ್ಮಗಳು ಆ ಬಾಟಲಿಯನ್ನು ಪೇಪರಿನ ಮೇಲೆ ಸುರಿದಳು. ಕೈಯಲ್ಲಿ ಶಾಲೆಯ ಲೈಬ್ರರಿಯಿಂದ ತಂದ ಚಿಪ್ಪಿನ ಪುಸ್ತಕ.

“ಅಜ್ಜ, ಇವಕ್ಕೆ ಕಿವಿಯೇ ಇಲ್ವಲ್ಲ!”

ನೋಡಿದರೆ ಅವಳು ಹೇಳಿದ್ದೇ ಸರಿ. ಶೆಲ್ ಪೆಟ್ರೋಲ್ ಕಂಪನಿಯ ಗುರುತಿನಲ್ಲಿರುವುದು ಸ್ಕ್ಯಾಲಪ್ಪೇ. ಅದನ್ನು ಕಂಡು, ಬೀಸಣಿಗೆಯಂತೆ ಗೆರೆಗಳಿರುವ ಚಿಪ್ಪೆಲ್ಲ ಸ್ಕ್ಯಾಲಪ್ ಎಂದು ನಾನು ತಿಳಿದಿದ್ದೆ. ಗೆರೆ ಮುಖ್ಯವಲ್ಲ ಮಕ್ಕಳೇ, ಎರಡು ಚಿಪ್ಪು ಕೂಡುವ ಕೀಲನ್ನು ನೋಡಬೇಕು. ಸ್ಕ್ಯಾಲಪ್‌ಗೆ ಅಲ್ಲಿ ಎಡಕ್ಕೊಂದು ಬಲಕ್ಕೊಂದು ತ್ರಿಕೋನದ ಕಿವಿಗಳಿರುತ್ತವೆ. ನಡುವೆ ಒಂದು ಪುಟ್ಟ ಕುಳಿ. ಜೀವವಿದ್ದಾಗ ಆ ಕುಳಿಯಲ್ಲಿ ರಬ್ಬರಿನಂಥ ತುಂಡೊಂದು ಕೂತಿರುತ್ತದೆ. ಅದು ಚಿಪ್ಪನ್ನು ತೆರೆಯುತ್ತದೆ, ಒಳಗಿನ ಸ್ನಾಯು ಮುಚ್ಚುತ್ತದೆ. ಹೀಗೆ ಚಪ್ಪಾಳೆ ತಟ್ಟಿ ನೀರು ಚಿಮ್ಮಿಸುತ್ತ ಸ್ಕ್ಯಾಲಪ್ ಈಜುತ್ತದೆ! ಅಂಚಿನುದ್ದಕ್ಕೂ ಹತ್ತಾರು ಕಣ್ಣುಗಳು ಬೇರೆ.

ನನ್ನ ಬಾಟಲಿಯಲ್ಲಿದ್ದವು ದಪ್ಪಗೆ, ಬಟ್ಟಲಿನಂತೆ ಆಳವಾಗಿದ್ದವು. ಕೀಲಿನ ನೇರ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳ ಸಾಲು. ಅವು ಆರ್ಕ್ ಚಿಪ್ಪುಗಳಂತೆ.

“ಹಾಗಾದ್ರೆ ನಮ್ಮಲ್ಲಿ ಸ್ಕ್ಯಾಲಪ್ ಒಂದೂ ಇಲ್ವಾ?” ಎಂದು ಪೆಚ್ಚಾದ ಮೊಮ್ಮಗಳು, ಕಪಾಟಿನ ಮೂಲೆಯಲ್ಲಿದ್ದ ಸಣ್ಣ ಬಾಟಲಿಯನ್ನೂ ತೆಗೆದಳು. ಅದು ನನ್ನಾಕೆಯದು. ಚೀಟಿಯಲ್ಲಿ ಅವಳ ಕೈಬರಹ: ‘ಹಪ್ಪಳ’. ಮೀನುಗಾರಿಕೆ ಬಂದರಿನ ಹತ್ತಿರ ಅವಳಿಗೆ ಸಿಕ್ಕಿದ್ದ ಚಪ್ಪಟೆ ಚಿಪ್ಪುಗಳು. ಒಂದು ಮಗ್ಗುಲು ಇಟ್ಟಿಗೆಗೆಂಪು, ಇನ್ನೊಂದು ಬಿಳಿ, ಮೇಲೆಲ್ಲ ನುಣುಪು. “ಗೆರೆಯೇ ಇಲ್ಲ, ಇದೇನು ಹೆಕ್ಕುತ್ತೀ?” ಎಂದು ನಾನು ನಕ್ಕಿದ್ದೆ.

ಮೊಮ್ಮಗಳು ಒಂದನ್ನು ಬೆಳಕಿಗೆ ಹಿಡಿದಳು. ಎರಡು ಕಿವಿ! ಒಳಗೆ ಬೆರಳಾಡಿಸಿದರೆ ಉಬ್ಬು ಗೆರೆಗಳು. ಗೆರೆ ಒಳಬದಿಯಲ್ಲಿತ್ತು. ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು: ಮೂನ್ ಸ್ಕ್ಯಾಲಪ್. ಆಳದ ಮರಳಿನಲ್ಲಿ ಬದುಕುವ ಇದು ಟ್ರಾಲರ್ ಬಲೆಗೆ ಸಿಕ್ಕಿ ಮೇಲೆ ಬರುತ್ತದೆ.

ಹೇಳೋಣವೆಂದರೆ ಅವಳಿಲ್ಲ. ಆರು ವರ್ಷವಾಯಿತು.

ನೀವೂ ಚಿಪ್ಪು ಕೂಡಿಸುವಿರಾದರೆ ಖಾಲಿ ಚಿಪ್ಪನ್ನೇ ಆರಿಸಿ, ಜೀವವಿದ್ದರೆ ನೀರಿಗೆ ಬಿಡಿ. ಸಿಹಿನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ನಿಂಬೆರಸ, ವಿನಿಗರ್ ಬೇಡ, ಸುಣ್ಣದ ಚಿಪ್ಪು ಕರಗುತ್ತದೆ. ಮರದ ಡ್ರಾಯರೂ ಬೇಡ. ಮರದಿಂದ ಹೊರಡುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ. ನನ್ನ ಕವಡೆಗಳು ಹಾಗೇ ಹಾಳಾದವು. ಎಲ್ಲಿ, ಯಾವತ್ತು, ಯಾರಿಗೆ ಸಿಕ್ಕಿತು ಎಂದು ಅಂದೇ ಬರೆದಿಡಿ.

ಲೆಡ್ಜರಿನಲ್ಲಿ ತಪ್ಪಾದರೆ ನಾವು ಕೆರೆದು ಅಳಿಸುತ್ತಿರಲಿಲ್ಲ. ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಚಿಕ್ಕ ಸಹಿ ಹಾಕುತ್ತಿದ್ದೆವು. ದೊಡ್ಡ ಬಾಟಲಿಗೂ ಹಾಗೆಯೇ ಮಾಡಿದೆ. ಅಧಿಕಾರಿಯ ಜಾಗದಲ್ಲಿ ಮೊಮ್ಮಗಳು ಸಹಿ ಹಾಕಿದಳು. ಸಣ್ಣ ಬಾಟಲಿಯ ‘ಹಪ್ಪಳ’ವನ್ನು ಮುಟ್ಟಲಿಲ್ಲ. ಅದರ ಕೆಳಗೆ ‘ಮೂನ್ ಸ್ಕ್ಯಾಲಪ್, ಮಲ್ಪೆ, ಅಜ್ಜಿಗೆ ಸಿಕ್ಕಿದ್ದು’ ಎಂದು ಅವಳೇ ಬರೆದಳು.