ಹಾರಿದ ಗಂಟೆಗಳಲ್ಲಿ ಹೊಸ ಶಾಲೆ ಹಿಡಿಯುವುದೆಷ್ಟು?

ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯುವವರಿಗೆ ಎರಡು ದಾರಿ. ಪಾರ್ಟ್ 61 ನಿಯಮದಡಿ ಒಬ್ಬ ಇನ್‌ಸ್ಟ್ರಕ್ಟರ್ ಹಿಡಿದು ಬಿಡುವಾದಾಗ ಕಲಿಯಬಹುದು. ಇಲ್ಲವೇ ಪಾರ್ಟ್ 141 ಶಾಲೆ ಸೇರಬಹುದು. ಅಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಒಪ್ಪಿಗೆ ಪಡೆದ ಸಿಲಬಸ್ ಇರುತ್ತದೆ, ಪಾಠಗಳು ಅದೇ ಕ್ರಮದಲ್ಲಿ ನಡೆಯುತ್ತವೆ. ಮೊದಲನೆಯದರಲ್ಲಿ ಶುರುಮಾಡಿ ಅರ್ಧದಲ್ಲಿ ಎರಡನೆಯದಕ್ಕೆ ಬರುವವರು ಕಡಿಮೆಯಿಲ್ಲ. ಹಾಗೆ ಬರುವಾಗ ನಂಬಿದ ತಪ್ಪು ಲೆಕ್ಕಗಳಿಗೆ ದಂಡ ತೆರುವುದು ಸಾಮಾನ್ಯವಾಗಿ ಮನೆಯವರು ಸಾಲ ಮಾಡಿ ಹೊಂದಿಸಿದ ದುಡ್ಡು.

“30 ಗಂಟೆ ಹಾರಿದ್ದೇನೆ, ಇನ್ನು ಐದೇ ಗಂಟೆ ಬಾಕಿ”

ಪಾರ್ಟ್ 141ರಲ್ಲಿ ಪ್ರೈವೇಟ್ ಪೈಲಟ್ ಕೋರ್ಸಿಗೆ ಕನಿಷ್ಠ 35 ಗಂಟೆ ಸಾಕು ಎನ್ನುವುದು ನಿಜ. ಆದರೆ 35ರಲ್ಲಿ 30 ಕಳೆಯುವಂತಿಲ್ಲ. 141.77 ನಿಯಮದ ಪ್ರಕಾರ, ಹಿಂದಿನ ತರಬೇತಿ ಇನ್ನೊಂದು 141 ಕೋರ್ಸಿನದಾಗಿದ್ದರೆ ಹೆಚ್ಚೆಂದರೆ ಶೇ. 50, ಪಾರ್ಟ್ 61ರದಾಗಿದ್ದರೆ ಹೆಚ್ಚೆಂದರೆ ಶೇ. 25 ಕ್ರೆಡಿಟ್. ಇಲ್ಲೇ ಬಹಳ ಜನ ಎಡವುತ್ತಾರೆ: ಈ ಶೇಕಡಾವಾರು ನೀವು ಹಾರಿದ ಗಂಟೆಗಳದ್ದಲ್ಲ, ಹೊಸ ಕೋರ್ಸಿನ ಗಂಟೆಗಳದ್ದು. 35 ಗಂಟೆಯ ಸಿಲಬಸ್ಸಿನಲ್ಲಿ ಕಾಲು ಭಾಗವೆಂದರೆ 8.75 ಗಂಟೆ. ಲಾಗ್‌ಬುಕ್ಕಿನಲ್ಲಿ 30 ಇರಲಿ, 60 ಇರಲಿ, ಅದಕ್ಕಿಂತ ಮೇಲೆ ಹೋಗದು. ಉಳಿದ 26 ಗಂಟೆ ಚಿಲ್ಲರೆಯನ್ನು ಮತ್ತೆ ಹಾರಲೇಬೇಕು. ಅದೇ ವ್ಯಕ್ತಿ ಪಾರ್ಟ್ 61ರಲ್ಲೇ ಉಳಿದರೆ ಅಲ್ಲಿನ ಕನಿಷ್ಠ 40 ಗಂಟೆಗೆ ಕಡಿಮೆ ಬೀಳುವುದು 10 ಮಾತ್ರ.

“141 ಅಂದರೆ ಯಾವಾಗಲೂ ಬೇಗ ಮುಗಿಯುತ್ತದೆ”

ಮೊದಲ ದಿನದಿಂದ ಅಲ್ಲೇ ಕಲಿತವರ ಮಟ್ಟಿಗೆ ಈ ಮಾತಿಗೆ ಆಧಾರವಿದೆ. ಕಮರ್ಷಿಯಲ್ ಲೈಸೆನ್ಸಿಗೆ ಪಾರ್ಟ್ 61 ಕೇಳುವುದು ಒಟ್ಟು 250 ಗಂಟೆ. 141ರಲ್ಲಿ ಪ್ರೈವೇಟ್ 35, ಇನ್‌ಸ್ಟ್ರುಮೆಂಟ್ 35, ಕಮರ್ಷಿಯಲ್ 120 ಸೇರಿ 190ಕ್ಕೆ ಮುಗಿಸಬಹುದು. ಈಗಾಗಲೇ 200 ಗಂಟೆ ಹಾರಿ, ಪ್ರೈವೇಟ್ ಲೈಸೆನ್ಸ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡನ್ನೂ ಪಾರ್ಟ್ 61ರಲ್ಲಿ ಪಡೆದವರ ಕಥೆಯೇ ಬೇರೆ. 120 ಗಂಟೆಯ ಕೋರ್ಸಿನಲ್ಲಿ ಅವರಿಗೆ ಸಿಗಬಹುದಾದ ಗರಿಷ್ಠ ಕ್ರೆಡಿಟ್ 30. ಇನ್ನೂ 90 ಗಂಟೆ ಹಾರಬೇಕು. ಪಾರ್ಟ್ 61ರಲ್ಲಾದರೆ 50. ಇಂಥವರನ್ನು 141ಕ್ಕೆ ಸೇರಿಸಿಕೊಳ್ಳುವ ಶಾಲೆ ಈ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳಬೇಕು. ಹೇಳದಿದ್ದರೆ ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

“ಕಾಲು ಭಾಗವಂತೂ ನಮ್ಮ ಹಕ್ಕು”

ಹಕ್ಕಲ್ಲ. ಶೇ. 25 ಮತ್ತು ಶೇ. 50 ಮೇಲಿನ ಮಿತಿಗಳಷ್ಟೇ. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಸೇರಿಸಿಕೊಳ್ಳುವ ಶಾಲೆ, ಅದೂ ತಾನೇ ಪರೀಕ್ಷೆ ಮಾಡಿದ ಮೇಲೆ. ಹಾರಾಟದ ಗಂಟೆಗಳಿಗಾದರೆ ಹಾರಾಟದ ಪರೀಕ್ಷೆ, ವಿಷಯಜ್ಞಾನದ ಪರೀಕ್ಷೆ ಎರಡೂ ಬೇಕು. ಇದರ ಜೊತೆಗೆ ಹಿಂದೆ ಕಲಿಸಿದವರು ಯಾವ ತರಬೇತಿ, ಎಷ್ಟು ಕೊಟ್ಟಿದ್ದಾರೆ, ಸ್ಟೇಜ್ ಚೆಕ್‌ಗಳು, ಅಂದರೆ ಹಂತಹಂತದ ಪರೀಕ್ಷೆಗಳು ನಡೆದಿದ್ದರೆ ಅವುಗಳ ಫಲಿತಾಂಶವೇನು ಎಂದು ಬರೆದು ದೃಢೀಕರಿಸಿರಬೇಕು.

ಲಾಗ್‌ಬುಕ್ಕಿನ ಕೊನೆಯ ಅಂಕಣದ ಬೆಲೆ ಆಗ ತಿಳಿಯುತ್ತದೆ. “ಡ್ಯುಯಲ್, 1.2” ಎಂದಷ್ಟೇ ಗೀಚಿದ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. “ಸ್ಟೀಪ್ ಟರ್ನ್, ಪವರ್ ಆಫ್ ಸ್ಟಾಲ್, ಮೂರು ಲ್ಯಾಂಡಿಂಗ್” ಎಂದು ಬರೆದು, ಅವಧಿ ನಮೂದಿಸಿ, ಇನ್‌ಸ್ಟ್ರಕ್ಟರ್ ಸಹಿ ಮತ್ತು ಸರ್ಟಿಫಿಕೇಟ್ ಸಂಖ್ಯೆ ಹಾಕಿದ ಸಾಲು ನಿಮ್ಮ ಪರವಾಗಿ ಮಾತಾಡುತ್ತದೆ. ಕಲಿಸಿದವರು ಊರು ಬಿಡುವ ಮುನ್ನ, ಶಾಲೆ ಬಾಗಿಲು ಹಾಕುವ ಮುನ್ನ ಈ ಕಾಗದಗಳನ್ನು ಕೈಗೆ ತೆಗೆದುಕೊಳ್ಳಿ. ಹೊಸ ಶಾಲೆ ಎಷ್ಟು ಗಂಟೆ ಒಪ್ಪಿತೆಂಬುದನ್ನೂ ಫೀಸು ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ.

“ಕ್ರೆಡಿಟ್ ಸಿಗದ ಗಂಟೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ”

ಖಂಡಿತ ಅಲ್ಲ. ಆ ಕೋರ್ಸಿನ ಲೆಕ್ಕಕ್ಕೆ ಬರದ ಗಂಟೆಗಳೂ ಲಾಗ್‌ಬುಕ್ಕಿನ ಒಟ್ಟು ಮೊತ್ತದಲ್ಲಿ ಉಳಿಯುತ್ತವೆ. ಪಡೆದ ಲೈಸೆನ್ಸಿಗೂ ಧಕ್ಕೆಯಿಲ್ಲ. ಪಾರ್ಟ್ 61ರಲ್ಲಿ ಪ್ರೈವೇಟ್ ಪೈಲಟ್ ಆದವರು 141ರ ಇನ್‌ಸ್ಟ್ರುಮೆಂಟ್ ಕೋರ್ಸಿಗೆ ನೇರವಾಗಿ ಸೇರಬಹುದು, ಹಿಂದಿನ ಪಾಠ ಮತ್ತೆ ಓದಬೇಕಿಲ್ಲ.

“ಭಾರತದಲ್ಲಿ ಹಾರಿದ್ದಕ್ಕೆ ಅಲ್ಲಿ ಬೆಲೆಯಿಲ್ಲ”

ಇದೂ ಸುಳ್ಳು. ಭಾರತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಸದಸ್ಯ ದೇಶ. ಇಲ್ಲಿ ಅಧಿಕೃತ ಇನ್‌ಸ್ಟ್ರಕ್ಟರ್ ಹೇಳಿಕೊಟ್ಟ ತರಬೇತಿಯನ್ನು, ಅಂದರೆ ಜಕ್ಕೂರಿನ ರನ್‌ವೇಯಲ್ಲಿ ಕಲಿತದ್ದನ್ನೂ, 61.41 ನಿಯಮ ಒಪ್ಪುತ್ತದೆ. 141 ಕೋರ್ಸಿಗೆ ಸೇರುವಾಗ ಮಾತ್ರ ಅದಕ್ಕೂ ಅದೇ ಶೇ. 25ರ ಮಿತಿ.

ವಾಪಸು ಬರುವವರಿಗೆ ಇನ್ನೊಂದು ಲೆಕ್ಕವಿದೆ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಮರ್ಷಿಯಲ್ ಲೈಸೆನ್ಸಿಗೆ ಕೇಳುವುದು 200 ಗಂಟೆ, ಅದರಲ್ಲಿ 100 ಪೈಲಟ್ ಇನ್ ಕಮಾಂಡ್ ಆಗಿ. 141ರಲ್ಲಿ 190ಕ್ಕೆ ಮುಗಿಸಿ ಬೆಂಗಳೂರಿಗೆ ಬಂದವರು ಇನ್ನೂ ಕನಿಷ್ಠ 10 ಗಂಟೆ ಹಾರಬೇಕು. ಕೋರ್ಸಿಗೆ ಮೊದಲು ಹಾರಿದ, ಶಾಲೆ ಕ್ರೆಡಿಟ್ ಕೊಡದ ಗಂಟೆಗಳು ಡಿಜಿಸಿಎ ಶರತ್ತುಗಳಿಗೆ ಹೊಂದುವಂತಿದ್ದರೆ ಆ ಕೊರತೆ ತುಂಬಲು ಅವೇ ಸಾಕಾಗಬಹುದು.