ಪಾಟೀಲರನ್ನು ಮಣಿಸಿದ ಮಂಗಳೂರಿನ ಯುವಕ: ರಾಜಕೀಯದಲ್ಲಿ ‘ಹೊರಗಿನವರು’ ಗೆಲ್ಲುವುದು ಯಾವಾಗ?

ಪ್ರತಿ ಚುನಾವಣೆಯಲ್ಲೂ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಉದ್ಯಮಿಗಳು, ಬ್ಯಾಂಕ್ ಅಧಿಕಾರಿಗಳು, ವೃತ್ತಿಪರರು ‘ರಾಜಕೀಯವನ್ನು ಸ್ವಚ್ಛ ಮಾಡುತ್ತೇವೆ’ ಎಂದು ಕಣಕ್ಕಿಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಸೋಲುತ್ತಾರೆ, ಕೆಲವರು ಮಾತ್ರ ಗೆಲ್ಲುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನು? ಮುಂಬೈನ ಚುನಾವಣಾ ಇತಿಹಾಸದಲ್ಲಿ, ಅದರಲ್ಲೂ ದಕ್ಷಿಣ ಮುಂಬೈ ಕ್ಷೇತ್ರದಲ್ಲಿ ಇದಕ್ಕೆ ಒಳ್ಳೆಯ ಉತ್ತರ ಸಿಗುತ್ತದೆ.

ಚೌಪಾಟಿಯಿಂದ ಪಾಲಿಕೆಗೆ

1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿದ್ದರು. ಅದನ್ನು ಅರ್ಧಕ್ಕೇ ಬಿಟ್ಟು, 1949ರಲ್ಲಿ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದರು. ಆರಂಭದ ದಿನಗಳಲ್ಲಿ ಅವರು ರಾತ್ರಿ ಮಲಗುತ್ತಿದ್ದದ್ದು ಚೌಪಾಟಿಯಲ್ಲಿ. ನಂತರ ಪತ್ರಿಕೆಯೊಂದರಲ್ಲಿ ಪ್ರೂಫ್ ರೀಡರ್ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ’ಮೆಲ್ಲೊ ಅವರ ಒಡನಾಟದಲ್ಲಿ ಕಾರ್ಮಿಕ ಚಳವಳಿಗೆ ಬಂದರು.

ಟ್ಯಾಕ್ಸಿ ಚಾಲಕರು, ಹೋಟೆಲ್ ಕಾರ್ಮಿಕರು, ಪಾಲಿಕೆ ನೌಕರರ ಸಂಘಟನೆಯಲ್ಲಿ ಅವರು ತೊಡಗಿಕೊಂಡರು. ಹಣವಿರಲಿಲ್ಲ, ರಾಜಕೀಯ ಮನೆತನದ ಬಲವೂ ಇರಲಿಲ್ಲ, ನಗರವೂ ಪರ ಊರು. ಆದರೆ ಹತ್ತರಷ್ಟು ಭಾಷೆಗಳಲ್ಲಿ ಜನರೊಂದಿಗೆ ಮಾತನಾಡಬಲ್ಲವರಾಗಿದ್ದರು. 1961ರಲ್ಲಿ ಅವರು ಬೊಂಬಾಯಿ ಮಹಾನಗರ ಪಾಲಿಕೆಗೆ ಆಯ್ಕೆಯಾದರು.

1967ರ ಅಚ್ಚರಿ

1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಬೊಂಬಾಯಿಯ ಕಾಂಗ್ರೆಸ್ ಅಭ್ಯರ್ಥಿ ಎಸ್.ಕೆ. ಪಾಟೀಲ್. ಮೂರು ಬಾರಿ ಮೇಯರ್ ಆಗಿದ್ದವರು, ಕೇಂದ್ರದಲ್ಲಿ ರೈಲ್ವೆ ಸಚಿವರು, ಪಕ್ಷಕ್ಕೆ ನಿಧಿ ಸಂಗ್ರಹಿಸುವುದರಲ್ಲಿ ಎತ್ತಿದ ಕೈ. ‘ಬೊಂಬಾಯಿಯ ಕಿರೀಟವಿಲ್ಲದ ರಾಜ’ ಎಂದೇ ಹೆಸರಾಗಿದ್ದರು. ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ನಿಂತ 36 ವರ್ಷದ ಫರ್ನಾಂಡಿಸ್ ಅವರನ್ನು ಸೋಲಿಸಿದರು.

ಮೇಲ್ನೋಟಕ್ಕೆ ಇದು ಪವಾಡದಂತೆ ಕಾಣುತ್ತದೆ. ಆದರೆ ಈ ಗೆಲುವಿನ ಹಿಂದೆ ಹದಿನೈದು ವರ್ಷಗಳಿಗೂ ಹೆಚ್ಚಿನ ಸಂಘಟನೆ ಇತ್ತು. ಫರ್ನಾಂಡಿಸ್ ಅಧಿಕಾರದ ಕೂಟಕ್ಕೆ ಹೊರಗಿನವರಾಗಿದ್ದರು, ಮತದಾರರಿಗಲ್ಲ.

ಅವರದು ಬರೀ ಮುಷ್ಕರದ ರಾಜಕಾರಣವೂ ಆಗಿರಲಿಲ್ಲ. ಬ್ಯಾಂಕುಗಳು ಟ್ಯಾಕ್ಸಿ ಚಾಲಕರಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪನೆಗೆ ಅವರು ಮುಂದಾದರು. ಸಮಸ್ಯೆ ಗುರುತಿಸಿ ಅದಕ್ಕೊಂದು ಸಂಸ್ಥೆ ಕಟ್ಟುವುದು ಉದ್ಯಮಶೀಲತೆಯ ಲಕ್ಷಣವೇ.

ಬ್ಯಾಂಕರ್, ವಿಮಾನ ಉದ್ಯಮಿ, ಐಟಿ ದಿಗ್ಗಜ

ಇದೇ ದಕ್ಷಿಣ ಮುಂಬೈಯಲ್ಲಿ 2009ರಲ್ಲಿ ಎಬಿಎನ್ ಆಮ್ರೊ ಬ್ಯಾಂಕಿನ ಭಾರತ ಘಟಕದ ಮುಖ್ಯಸ್ಥೆ ಮೀರಾ ಸನ್ಯಾಲ್ ಪಕ್ಷೇತರರಾಗಿ ಸ್ಪರ್ಧಿಸಿದರು. 2008ರ ನವೆಂಬರ್ 26ರ ಉಗ್ರರ ದಾಳಿಯ ಬಳಿಕ ನಗರದಲ್ಲಿ ರಾಜಕಾರಣಿಗಳ ವಿರುದ್ಧ ಆಕ್ರೋಶ ಮಡುಗಟ್ಟಿತ್ತು. ಆದರೂ ಅವರಿಗೆ ಸಿಕ್ಕಿದ್ದು ಸುಮಾರು 10 ಸಾವಿರ ಮತ. 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ನಿಂತಾಗ ಅದು 40 ಸಾವಿರದಷ್ಟಾಯಿತು, ಗೆಲುವು ದೂರವೇ ಉಳಿಯಿತು. ಅವರು 2019ರಲ್ಲಿ ನಿಧನರಾದರು.

ಬೆಂಗಳೂರು ದಕ್ಷಿಣದ ಕಥೆಯೂ ಬೇರೆಯಲ್ಲ. ಏರ್ ಡೆಕ್ಕನ್ ಸ್ಥಾಪಕ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಇನ್ಫೋಸಿಸ್ ಸಹ ಸಂಸ್ಥಾಪಕ ನಂದನ್ ನಿಲೇಕಣಿ 2014ರಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದರೂ ಅನಂತಕುಮಾರ್ ಎದುರು 2.28 ಲಕ್ಷ ಮತಗಳ ಅಂತರದಿಂದ ಸೋತರು.

ಸೋಲಿಗೆ ಕಾರಣವೇನು?

ನಮ್ಮ ವ್ಯವಸ್ಥೆಯಲ್ಲಿ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರು ಮಾತ್ರ ಗೆಲ್ಲುತ್ತಾರೆ. ಗೆಲ್ಲುವಂತೆ ಕಾಣದ ಅಭ್ಯರ್ಥಿಗೆ ಹಾಕಿದ ಮತ ವ್ಯರ್ಥವಾಗುತ್ತದೆ ಎಂದು ಮತದಾರ ಭಾವಿಸುತ್ತಾನೆ. ಹೀಗಾಗಿ ಒಳ್ಳೆಯ ಹೆಸರಿದ್ದವರಿಗೂ ಮತ ಬರುವುದಿಲ್ಲ. ಲೋಕಸಭಾ ಕ್ಷೇತ್ರವೆಂದರೆ ಲಕ್ಷಾಂತರ ಮತದಾರರು. ಪ್ರತಿ ಮತಗಟ್ಟೆಗೂ ಕಾರ್ಯಕರ್ತರು ಬೇಕು, ಅವರು ತಿಂಗಳೆರಡು ತಿಂಗಳಲ್ಲಿ ಹುಟ್ಟಿಕೊಳ್ಳುವುದಿಲ್ಲ. 2024ರಲ್ಲಿ 543 ಸ್ಥಾನಗಳ ಪೈಕಿ ಪಕ್ಷೇತರರು ಗೆದ್ದದ್ದು ಏಳರಲ್ಲಿ ಮಾತ್ರ.

ಗೆದ್ದ ಮೇಲೂ ಕಷ್ಟ ತಪ್ಪಿದ್ದಲ್ಲ. ಫರ್ನಾಂಡಿಸ್ ಅವರೇ 1971ರ ಇಂದಿರಾ ಅಲೆಯಲ್ಲಿ ಇದೇ ಕ್ಷೇತ್ರದಲ್ಲಿ ಸೋತರು. ಮಡಗಾಸ್ಕರ್‌ನಲ್ಲಿ ಹಾಲಿನ ಉತ್ಪನ್ನಗಳ ಉದ್ಯಮಿ ಮಾರ್ಕ್ ರಾವಲೊಮಾನನ 1999ರಲ್ಲಿ ರಾಜಧಾನಿಯ ಮೇಯರ್ ಆಗಿ, 2002ರಲ್ಲಿ ಅಧ್ಯಕ್ಷರಾದರು. ಸರ್ಕಾರದ ಹಿತ ಮತ್ತು ತಮ್ಮ ಉದ್ಯಮದ ಹಿತವನ್ನು ಬೆರೆಸುತ್ತಿದ್ದಾರೆ ಎಂಬ ಆರೋಪ ಅವರ ಬೆನ್ನು ಬಿಡಲಿಲ್ಲ. 2009ರಲ್ಲಿ ಅಧಿಕಾರ ಬಿಡಬೇಕಾಯಿತು. ಕಂಪನಿಯಲ್ಲಿ ಮಾಲೀಕನ ಮಾತೇ ಅಂತಿಮ. ಪ್ರಜಾಪ್ರಭುತ್ವದಲ್ಲಿ ವಿರೋಧಿಸುವವರನ್ನೂ ಒಪ್ಪಿಸಿಯೇ ಕೆಲಸ ಮಾಡಿಸಬೇಕು.

ಬಾಗಿಲು ಇರುವುದು ವಾರ್ಡಿನಲ್ಲಿ

ಹೊರಗಿನವರಿಗೆ ಹೆಚ್ಚು ಅವಕಾಶ ಇರುವುದು ಸ್ಥಳೀಯ ಸಂಸ್ಥೆಗಳಲ್ಲಿ. 2007ರ ಮುಂಬೈ ಪಾಲಿಕೆ ಚುನಾವಣೆಯಲ್ಲಿ ಜುಹು ಭಾಗದ ನಿವಾಸಿಗಳು ತಾವೇ ಆರಿಸಿ ನಿಲ್ಲಿಸಿದ ಅಡಾಲ್ಫ್ ಡಿ’ಸೋಜಾ ಗೆದ್ದರು. 2012ರಲ್ಲಿ ಕೊಲಾಬಾದಿಂದ ಮಕರಂದ ನಾರ್ವೇಕರ್ ಪಕ್ಷೇತರರಾಗಿ ಆಯ್ಕೆಯಾದರು. ನಂತರ ಅವರು ಬಿಜೆಪಿ ಸೇರಿದರು. ವಾರ್ಡ್ ಚಿಕ್ಕದು, ಅಭ್ಯರ್ಥಿಯ ಪರಿಚಯ ಜನರಿಗಿರುತ್ತದೆ. ಚರಂಡಿ, ನೀರು, ಕಸದ ವಿಷಯದಲ್ಲಿ ಯಾರು ಓಡಾಡಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಆದ್ದರಿಂದಲೇ ಸ್ಥಳೀಯ ಚುನಾವಣೆ ಮುಂದೂಡುವುದು ಸಣ್ಣ ಸಂಗತಿಯಲ್ಲ. ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ, ಬೆಂಗಳೂರಿನ ಬಿಬಿಎಂಪಿ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಬಳಿಕ ಎರಡೂ ನಗರಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಚೌಪಾಟಿಯಲ್ಲಿ ಮಲಗಿದ ಯುವಕ ದೆಹಲಿ ತಲುಪಿದ್ದು ಪಾಲಿಕೆಯ ಮೂಲಕ. ಆ ಮೆಟ್ಟಿಲೇ ಇಲ್ಲವಾದರೆ ಹಣ, ಮನೆತನ ಅಥವಾ ಪಕ್ಷದ ಕೃಪೆ ಇಲ್ಲದ ಹೊಸಬರಿಗೆ ಉಳಿಯುವ ದಾರಿ ತೀರಾ ಕಡಿಮೆ.